ಅನಸೂಯ ಅಂದರೆ ಯಾರು

ಜೂನ್ ೪

ದೊಡ್ಡಮ್ಮನಿಗೆ ನಮಸ್ಕಾರ.

ಮಗು ಹುಟ್ಟಿತು. ಹೆಣ್ಣು. ದಿನ ತುಂಬುವ ಮೊದಲೇ ಬಂದುಬಿಟ್ಟಳು, ನನ್ನ ಹಾಗೆಯೇ. ಗಾಬರಿಯಾಗಬೇಡಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ಜೀವಮಾನವೆಲ್ಲ ಇಂಥದೇ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಕಿವಿ ಕೇಳುವುದಿಲ್ಲ. ನಾನು ‘ಹೆಣ್ಣು’ ಅಂದರೆ ನೀವು ‘ಹಣ್ಣೆಲ್ಲ ಯಾಕೆ ಕಳಿಸ್ತೀಯ’ ಅನ್ನುತ್ತೀರಿ. ಅದಕ್ಕೇ ಕಾಗದ.

ನಾನು ತಾಯಂದಿರ ಕೋಣೆಯಲ್ಲಿದ್ದೇನೆ. ಸಾಲಾಗಿ ಮಂಚಗಳು, ಮೂಲೆಯಲ್ಲಿ ಒಂದು ಫ್ರಿಜ್, ಅದರೊಳಗೆ ಎಲ್ಲರ ಹಾಲಿನ ಸಣ್ಣ ಸಣ್ಣ ಬಾಟಲಿಗಳು, ಒಂದೊಂದರ ಮೇಲೂ ನಂಬರಿನ ಚೀಟಿ. ಇಲ್ಲಿ ಹೆಸರು ಹಿಡಿದು ಯಾರೂ ಯಾರನ್ನೂ ಕರೆಯುವುದಿಲ್ಲ. ಮಗುವಿನ ಪೆಟ್ಟಿಗೆಯ ನಂಬರೇ ತಾಯಿಯ ನಂಬರು. ನಾನು ನಾಲ್ಕು. ‘ನಾಲ್ಕು, ಬನ್ನಿ’ ಅಂದರೆ ಎದ್ದು ಹೋಗುತ್ತೇನೆ. ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳ ಬಟ್ಟೆಗೆ ನಾವು ನಂಬರು ಕಟ್ಟುತ್ತಿದ್ದೆವಲ್ಲ, ಈಗ ನನಗೇ ಕಟ್ಟಿದ್ದಾರೆ.

ಮಗುವಿಗೆ ನನ್ನ ಹೆಸರನ್ನೇ ಇಡೋಣ ಎಂದು ಇವರ ಹಟ. ‘ನೀನು ಅಷ್ಟು ಬೇಗ ಹುಟ್ಟಿಯೂ ಈ ಹೆಸರಲ್ಲಿ ಬದುಕಿಕೊಂಡೆ, ಗಟ್ಟಿ ಹೆಸರು’ ಅನ್ನುತ್ತಾರೆ. ಲಿಫ್ಟ್ ರಿಪೇರಿ ಮಾಡಿ ಮಾಡಿ ಅವರಿಗೆ ಎಲ್ಲದರಲ್ಲೂ ಹಳೆಯ ಪಾರ್ಟೇ ವಾಸಿ ಎನ್ನುವ ನಂಬಿಕೆ. ನನಗೋ, ಶಾಲೆಯಲ್ಲಿ ‘ಅನಸೂಯಜ್ಜಿ’ ಎಂದು ಕರೆಸಿಕೊಂಡದ್ದು ಇನ್ನೂ ಮರೆತಿಲ್ಲ. ಅಮ್ಮನನ್ನು ಕೇಳಿದಾಗಲೆಲ್ಲ ‘ನಾನಿಟ್ಟಿದ್ದಲ್ಲ, ನಿನ್ನ ದೊಡ್ಡಮ್ಮ ಇಟ್ಟಿದ್ದು, ಅವಳನ್ನೇ ಕೇಳು’ ಎಂದು ಮುಖ ತಿರುಗಿಸುತ್ತಿದ್ದಳು. ಅಮ್ಮ ಹೋದಮೇಲಾದರೂ ಕೇಳುತ್ತಿದ್ದೇನೆ. ಅನಸೂಯ ಅಂದರೆ ಏನು, ಎಲ್ಲಿಂದ ಬಂತು, ನನಗೇ ಯಾಕೆ ಇಟ್ಟಿರಿ?

ಬೇರೆಲ್ಲ ಸರಿಯಾಗಿದೆ. ಹಾಲಿನದೇನೂ ತೊಂದರೆಯಿಲ್ಲ. ‘ನನ್ನ ಹಾಲು ಬಿಟ್ಟು ಇನ್ನೊಂದು ತೊಟ್ಟು ಇವಳ ಬಾಯಿಗೆ ಬಿದ್ದಿಲ್ಲ’ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳಲ್ಲ, ಅವಳ ಮಗಳು ನಾನು.

ಅನು

ಜೂನ್ ೯

ಅನೂ,

ಅಂತೂ ನನ್ನನ್ನು ಅಜ್ಜಿ ಮಾಡಿದೆ. ಕಾಗದವನ್ನು ನನ್ನ ಜೊತೆಯವಳಿಗೆ ಓದಿ ಹೇಳಿದೆ. ಅವಳು ಆಪರೇಷನ್ ಥಿಯೇಟರಿನಲ್ಲೇ ಮುದುಕಿಯಾದವಳು, ಮಕ್ಕಳನ್ನು ಹೊರಗೆ ತೆಗೆಯುವುದಷ್ಟೇ ಅವಳಿಗೆ ಗೊತ್ತು. ಬೆಳೆಸುವ ಮಾತು ಬಂದರೆ ಆಕಳಿಸುತ್ತಾಳೆ. ಒಂದೇ ಕೋಣೆಯಲ್ಲಿ ಇಬ್ಬರು ನಿವೃತ್ತ ಸಿಸ್ಟರುಗಳು ಇರುವ ಮನೆ ಹೇಗಿರುತ್ತದೆ ಗೊತ್ತೇ? ದಿನಕ್ಕೆರಡು ಸಲ ಒಬ್ಬರ ಮಂಚ ಇನ್ನೊಬ್ಬರು ಸರಿಮಾಡುತ್ತೇವೆ.

ನಿನ್ನ ಹೆಸರಿನ ವಿಚಾರ. ಅಸೂಯೆ ಇಲ್ಲದವಳು ಅನಸೂಯೆ, ಅಷ್ಟೇ. ಪುರಾಣದಲ್ಲಿ ಒಬ್ಬ ಋಷಿಯ ಹೆಂಡತಿ. ಅವಳ ಹೆಸರು ಮೇಲಿನ ಲೋಕದವರೆಗೂ ಹಬ್ಬಿತು ನೋಡು, ಅಲ್ಲಿದ್ದ ಮೂವರು ದೇವಿಯರಿಗೆ ಹೊಟ್ಟೆ ಉರಿಯಿತು. ಗಂಡಂದಿರನ್ನು ಪರೀಕ್ಷೆಗೆ ಕಳಿಸಿದರು. ಮೂವರೂ ಅತಿಥಿಗಳ ವೇಷದಲ್ಲಿ ಬಂದು ಊಟ ಕೇಳಿದರು, ಜೊತೆಗೆ ಬರೆಯಲು ನಾಚಿಕೆಯಾಗುವಂಥ ಒಂದು ಷರತ್ತು ಹಾಕಿದರು. ಅವಳು ಬೈಯಲಿಲ್ಲ, ಅಳಲಿಲ್ಲ. ನೀರು ಚಿಮುಕಿಸಿ ಮೂವರನ್ನೂ ಹಸುಗೂಸು ಮಾಡಿ, ಎದೆಹಾಲು ಕೊಟ್ಟು ಮಲಗಿಸಿದಳು. ಮೂರು ಲೋಕ ಆಳುವವರು ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದರು. ಒಂದೇ ಪಾಳಿಯಲ್ಲಿ ಮೂರು ಕೂಸು, ಸಹಾಯಕ್ಕೆ ಒಬ್ಬಳು ಆಯಾ ಕೂಡ ಇಲ್ಲ. ನಮ್ಮ ವೃತ್ತಿಯವಳೇ ಅವಳು.

ನಿನಗೆ ಯಾಕೆ ಇಟ್ಟೆ ಅಂದರೆ, ಹಳೆಯ ಹೆಸರು ಬಾಳಿಕೆ ಬರುತ್ತದೆ ಎಂದು. ಇನ್ನೇನಿಲ್ಲ.

ನಿನ್ನ ಕಾಗದ ಯಾಕೋ ಸೊರಗಿದೆ. ಅತ್ತೆ ಏನಾದರೂ ಅಂದರೇ? ಹೆಣ್ಣು ಹುಟ್ಟಿತೆಂದು ಮೂಗು ಮುರಿದರೆ ಆ ಕಿವಿಯಿಂದ ಕೇಳಿ ಈ ಕಿವಿಯಿಂದ ಬಿಡು. ನೀರು ಚೆನ್ನಾಗಿ ಕುಡಿ, ಎರಡೆರಡು ಗಂಟೆಗೆ ಹಾಲು ಹಿಂಡು, ಬಾಟಲಿಯನ್ನೇ ದಿಟ್ಟಿಸುತ್ತ ಕೂರಬೇಡ. ನೋಡಿದಷ್ಟೂ ಅದು ತುಂಬುವುದಿಲ್ಲ.

ನಿನ್ನ ದೊಡ್ಡಮ್ಮ

ಜೂನ್ ೧೫

ದೊಡ್ಡಮ್ಮ,

ಅತ್ತೆ ಏನೂ ಅಂದಿಲ್ಲ ಪಾಪ. ದಿನವೂ ಬಸ್ಸು ಹತ್ತಿ ಊಟ ತಂದುಕೊಟ್ಟು ಹೋಗುತ್ತಾರೆ. ತೊಂದರೆ ಇರುವುದು ನನ್ನಲ್ಲೇ.

ಹಾಲಿಲ್ಲ. ಮೊದಲಿನ ಕಾಗದದಲ್ಲಿ ಸುಳ್ಳು ಬರೆದಿದ್ದೆ. ಗಂಟೆಗಟ್ಟಲೆ ಕೂತರೂ ಬಾಟಲಿಯ ತಳ ಒದ್ದೆಯಾಗುತ್ತದೆ, ಅಷ್ಟೇ. ಪುಡಿ ಹಾಲು ಕೊಟ್ಟು ನೋಡಿದರು, ಮಗುವಿಗೆ ಹೊಟ್ಟೆ ಉಬ್ಬಿ ನಿಲ್ಲಿಸಿಬಿಟ್ಟರು. ಈಗ ಕೈಗೆ ಸೂಜಿ ಚುಚ್ಚಿ ನೀರು ಹನಿಸುತ್ತಾರೆ. ನಾನು ಹೊಲಿದ ಟೋಪಿ ಹುಟ್ಟಿದ ದಿನ ತಲೆಗೆ ಸರಿಯಾಗಿತ್ತು, ಈಗ ಸಡಿಲ. ತಲೆ ಸಣ್ಣದಾಗುವುದಿಲ್ಲ, ಕೆನ್ನೆ ಇಳಿದಿದೆ ಎನ್ನುತ್ತಾರೆ ಡಾಕ್ಟರು. ಬೆಳಿಗ್ಗೆ ತೂಕ ಹೇಳುವಾಗ ಸಿಸ್ಟರ್ ನನ್ನ ಮುಖ ನೋಡುವುದಿಲ್ಲ.

ಪಕ್ಕದ ಮಂಚದಲ್ಲಿ ಐದನೇ ನಂಬರಿನ ತಾಯಿ. ನಮ್ಮ ಪೆಟ್ಟಿಗೆಗಳೂ ಅಕ್ಕಪಕ್ಕವೇ. ಅವಳು ಟಪಟಪ ಅಂತ ಎರಡು ಬಾಟಲಿ ತುಂಬಿಸಿ, ಮುಚ್ಚಳ ಹಾಕಿ, ಹಾಡು ಗುನುಗುತ್ತ ಫ್ರಿಜ್ಜಿಗೆ ಇಟ್ಟು ಬರುತ್ತಾಳೆ. ಅವಳ ಮಗುವಿನ ತೋಳಿಗೆ ದಿನದಿನಕ್ಕೂ ಮಾಂಸ ತುಂಬುತ್ತಿದೆ. ಅಳತೆ ಪಟ್ಟಿ ಬೇಡ ನನಗೆ, ನೋಡಿದರೇ ತಿಳಿಯುತ್ತದೆ. ನೋಡಬಾರದು ಎಂದುಕೊಂಡು ಮೊದಲು ಅದನ್ನೇ ನೋಡುತ್ತೇನೆ. ಒಂದು ದಿನ ಆ ಮಗುವಿನ ತೂಕ ಏರಲಿಲ್ಲ ಅಂದರು. ನನಗೆ ಖುಷಿಯಾಯಿತು ದೊಡ್ಡಮ್ಮ. ಎಂಥ ಹೆಂಗಸು ನಾನು. ಹೆಸರಿಗೆ ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ನನಗೇ ಹೇಳಿದ್ದು ಅದು, ಹಾಲಿಗೂ ಸೈ, ಹೆಸರಿಗೂ ಸೈ.

ನಿನ್ನೆ ಸಿಸ್ಟರ್ ಕರೆದು ಕೇಳಿದರು. ‘ಐದಕ್ಕೆ ಹಾಲು ಜಾಸ್ತಿ ಇದೆ. ಕೊಡೋಕೆ ಅವರು ತಯಾರಿದ್ದಾರೆ. ರಕ್ತ ಪರೀಕ್ಷೆ ಮಾಡಿ, ಹಾಲು ಬಿಸಿ ಮಾಡಿ ಕೊಡ್ತೀವಿ. ನೀವು ಹೂಂ ಅನ್ನಬೇಕು.’ ನಾನು ಬೇಡ ಅಂದೆ. ನಾಳೆ ನನ್ನದೇ ಬರುತ್ತೆ ಅಂದೆ. ಇವರು ‘ನಿನ್ನಿಷ್ಟ’ ಅಂದರು. ಅಮ್ಮ ನನ್ನಂಥ ಇಲಿಮರಿಯನ್ನು ತನ್ನ ಹಾಲಿನಲ್ಲೇ ಉಳಿಸಿಕೊಂಡಳು. ನಾನು ಯಾವಳದೋ ಬಾಟಲಿಗೆ ಕೈ ಚಾಚಬೇಕೇ? ನಾಳೆ ಮಗಳು ಕೇಳಿದರೆ ಏನು ಹೇಳಲಿ?

ಅನು

ಜೂನ್ ೧೯

ಅನೂ,

ಕಾಗದ ಈಗ ಬಂತು, ಈಗಲೇ ಬರೆಯುತ್ತಿದ್ದೇನೆ. ಆ ಹಾಲು ತೆಗೆದುಕೋ. ದಿನ ತುಂಬದ ಮಗುವಿನ ಹೊಟ್ಟೆಗೆ ತಾಯಿಹಾಲಿನಷ್ಟು ಒಗ್ಗುವುದು ಬೇರೊಂದಿಲ್ಲ, ಅದು ಯಾವ ತಾಯಿಯದಾದರೂ ಸರಿ. ಹಾಲಿಗೇನು ಹಣೆಪಟ್ಟಿ ಇರುತ್ತದೆಯೇ? ಡಾಕ್ಟರು ಸರಿ ಅಂದಮೇಲೆ ನಿನ್ನದೇನು ನಡುವೆ ಬಿಗುಮಾನ? ನನ್ನ ವಾರ್ಡಿನಲ್ಲಿ ಇಂಥ ಜಂಬದ ತಾಯಂದಿರನ್ನು ನೋಡಿದ್ದೇನೆ, ಬೈದೂ ಬೈದು ಗಂಟಲು ಒಣಗಿಸಿಕೊಂಡಿದ್ದೇನೆ.

ಅಮ್ಮನ ಮಾತು ಬಿಡು. ಅವಳ ಕಾಲವೇ ಬೇರೆ, ನಿನ್ನ ಕಾಲವೇ ಬೇರೆ. ಹೇಳಿದಷ್ಟು ಮಾಡು.

ದೊಡ್ಡಮ್ಮ

ಜೂನ್ ೨೩

ದೊಡ್ಡಮ್ಮ,

ನಿನ್ನೆ ಮಗು ಉಸಿರು ನಿಲ್ಲಿಸಿತ್ತು. ಸಿಸ್ಟರ್ ಪಾದಕ್ಕೆ ತಟ್ಟಿ ತಟ್ಟಿ ಎಬ್ಬಿಸಿದರು. ಈಗ ಇದ್ದಾಳೆ.

ಅಮ್ಮನ ಮಾತು ಬಿಡು ಎಂದು ನೀವು ಬರೆದದ್ದು ನನಗೆ ಹಿಡಿಸಲಿಲ್ಲ. ನಾನು ಹಿಡಿದುಕೊಂಡಿರುವುದು ಅದೊಂದನ್ನೇ. ನನ್ನ ಮಗುವಿಗೆ ನಾನು ತಾಯಿ ಎನ್ನುವುದಕ್ಕೆ ಇನ್ನೇನು ಉಳಿದಿದೆ? ಅದನ್ನು ಎತ್ತಿಕೊಳ್ಳಲು ಬಿಡುವುದಿಲ್ಲ, ಬಟ್ಟೆ ತೊಡಿಸಲು ಬಿಡುವುದಿಲ್ಲ. ಹಾಲು ಕೊಡುವುದನ್ನೂ ಐದಕ್ಕೆ ಬಿಟ್ಟುಕೊಟ್ಟರೆ ನಾನು ಇಲ್ಲಿ ಯಾಕಿರಬೇಕು? ನೀವು ಮಕ್ಕಳನ್ನು ಹೆತ್ತವರಲ್ಲ. ಸಾವಿರ ಮಕ್ಕಳನ್ನು ಎತ್ತಿ ಆಡಿಸಿರಬಹುದು, ಆದರೂ ಇದು ನಿಮಗೆ ತಿಳಿಯುವ ವಿಷಯವಲ್ಲ. ಹಾಲಿನ ಬಗ್ಗೆ ಇನ್ನು ಬರೆಯಬೇಡಿ.

ಅನು

ಜೂನ್ ೨೬

ಅನೂ,

ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ನಾಳೆಯೇ ಸಿಗುತ್ತದಂತೆ. ನನ್ನ ಜೊತೆಯವಳು ‘ಫೋನ್ ಹಚ್ಚಿಕೊಡು, ನಾನು ಹೇಳ್ತೀನಿ’ ಅಂದಳು. ಈ ಮಾತನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಲಾರೆ.

ನಿನ್ನಮ್ಮನಿಗೆ ಹಾಲೇ ಬರಲಿಲ್ಲ. ಒಂದು ತೊಟ್ಟೂ ಬರಲಿಲ್ಲ.

ಹೆರಿಗೆಗೆ ನನ್ನ ಆಸ್ಪತ್ರೆಗೇ ಬಂದಿದ್ದಳು. ನೀನು ಹುಟ್ಟಿದ ಮಾರನೆಯ ದಿನ ಅವಳಿಗೆ ಜ್ವರ ಏರಿತು, ಇಳಿಯುವಷ್ಟರಲ್ಲಿ ಎದೆ ಬತ್ತಿಹೋಗಿತ್ತು. ನೀನು ಹತ್ತಿಯೊಳಗೆ ಸುತ್ತಿಟ್ಟ ಒಂದು ಹಿಡಿ. ಏನು ಕೊಟ್ಟರೂ ಕಕ್ಕುತ್ತಿದ್ದೆ. ಸ್ವಂತ ತಂಗಿಯ ಮಗಳು ಕೈಯಲ್ಲೇ ಜಾರುತ್ತಿದ್ದಾಳೆ, ವಾರ್ಡಿಗೆಲ್ಲ ನಾನೇ ದೊಡ್ಡ ಸಿಸ್ಟರ್. ಹೇಗಿದ್ದಿರಬಹುದು ಹೇಳು.

ಆ ವಾರ್ಡಿಗೆ ಇದ್ದದ್ದು ಒಂದೇ ಕಿಟಕಿ. ಅದರ ಪಕ್ಕದ ತೊಟ್ಟಿಲಿನ ತಾಯಿಯನ್ನು ನಾವು ಕಿಟಕಿಯವಳು ಎನ್ನುತ್ತಿದ್ದೆವು. ಅವಳ ಮಗಳು ನಿನಗಿಂತ ದೊಡ್ಡವಳು, ಇನ್ನೆರಡು ದಿನಕ್ಕೆ ಮನೆಗೆ ಹೋಗುತ್ತಾಳೆ ಎಂದುಕೊಂಡಿದ್ದೆವು. ಒಂದು ಬೆಳಿಗ್ಗೆ ಆ ಮಗು ತೀರಿಹೋಯಿತು. ನಾನೇ ಒರೆಸಿ, ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ. ತೆಗೆದುಕೊಂಡು ಹೋದಳು. ಮಾರನೆಯ ಮಧ್ಯಾಹ್ನ ನೋಡುತ್ತೇನೆ, ವಾರ್ಡಿನ ಬಾಗಿಲಲ್ಲಿ ನಿಂತಿದ್ದಾಳೆ. ರವಿಕೆಯ ಮುಂದೆಲ್ಲ ಒದ್ದೆ. ತಲೆ ಕೆಟ್ಟಿತೇನೋ ಎಂದು ಹೆದರಿದೆ.

‘ಸಿಸ್ಟರ್, ಎದೆ ಕಟ್ಕೊಂಡು ನೋಯ್ತಿದೆ. ಹಿಂಡಿ ಚರಂಡಿಗೆ ಚೆಲ್ಲು ಅಂತಾರೆ ಮನೇಲಿ. ಕೈ ಬರ್ತಿಲ್ಲ ನಂಗೆ. ಇಲ್ಲಿ ಯಾವುದಾದ್ರೂ ಮಗು ಹಸ್ಕೊಂಡಿದ್ಯಾ?’

ನಾನು ನಿನ್ನನ್ನು ತೋರಿಸಿದೆ. ಡಾಕ್ಟರನ್ನು ಕೇಳಲಿಲ್ಲ, ನಿನ್ನಮ್ಮನನ್ನೂ ಕೇಳಲಿಲ್ಲ.

ಆಮೇಲೆ ದಿನಾ ಬಂದಳು. ಮೊದಮೊದಲು ಹಿಂಡಿ ಕೊಡುತ್ತಿದ್ದಳು, ನಾನು ಹನಿಹನಿಯಾಗಿ ನಿನ್ನ ಬಾಯಿಗೆ ಬಿಡುತ್ತಿದ್ದೆ. ನಿನಗೆ ಚೀಪುವ ಶಕ್ತಿ ಬಂದಮೇಲೆ ಮಡಿಲಿಗೇ ಹಾಕಿದೆ. ಕುಡಿಸುವಾಗ ನಿನ್ನ ಮುಖ ನೋಡುತ್ತಿರಲಿಲ್ಲ, ಹೊರಗೆ ನೋಡುತ್ತ ಕೂರುತ್ತಿದ್ದಳು. ಒಂದು ದಿನ ಮಾತ್ರ ನೋಡಿದಳು. ‘ಎಷ್ಟು ಗುಟುಕು ಗುಟುಕಾಗಿ ಕುಡೀತಾಳೆ ಇವಳು. ನನ್ನವಳಿಗೆ ಇಷ್ಟು ಜೋರು ಇರ್ಲಿಲ್ಲ’ ಅಂದಳು. ನಾನು ನಿನ್ನನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಅವಳೇ ‘ಕುಡೀಲಿ ಬಿಡಿ, ಬದುಕ್ಲಿ’ ಅಂದು ಸೆರಗು ಸರಿಮಾಡಿಕೊಂಡಳು.

ನಿನ್ನಮ್ಮ ಗೋಡೆ ಹಿಡಿದು ಹಿಡಿದು ನಿನ್ನನ್ನು ನೋಡಲು ಬಂದವಳು ಅವಳ ಮಡಿಲಲ್ಲಿ ನಿನ್ನನ್ನು ಕಂಡಳು. ಬಂದ ಹಾಗೆಯೇ ತಿರುಗಿ ಹೋದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ‘ಅಕ್ಕಾ, ಇದು ನಮ್ಮಿಬ್ಬರಲ್ಲೇ ಇರ್ಲಿ. ಮಗಳಿಗೆ ಯಾವತ್ತೂ ಗೊತ್ತಾಗೋದು ಬೇಡ’ ಅಂದಳು. ಮಾತು ಕೊಟ್ಟೆ. ಅವಳು ಆ ಹೆಂಗಸಿನ ಹತ್ತಿರ ಕೊನೆವರೆಗೂ ಮಾತಾಡಲಿಲ್ಲ. ಅವಳ ಮೇಲೆ ಸಿಟ್ಟಾಗಬೇಡ ಅನೂ. ನಿನ್ನನ್ನು ಹೆತ್ತೂ ಸೋತೆ ಎಂದುಕೊಂಡಿದ್ದಳು, ನೀನೀಗ ಅಂದುಕೊಂಡಿದ್ದೀಯಲ್ಲ, ಹಾಗೆಯೇ. ಬಂದವರ ಮುಂದೆಲ್ಲ ‘ನನ್ನ ಹಾಲು, ನನ್ನ ಹಾಲು’ ಎಂದು ಹೇಳುತ್ತಿದ್ದಾಗ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ನಿನಗೆ ಹೆಸರಿಡುವಾಗ ನಾನು ಆ ಕಿಟಕಿಯವಳನ್ನು ನೆನೆದು ಅನಸೂಯ ಎಂದೆ. ನಿನ್ನಮ್ಮ ‘ಇದ್ಯಾವ ಮುದುಕಿ ಹೆಸರು’ ಅಂದಳೇ ಹೊರತು ಬೇಡ ಅನ್ನಲಿಲ್ಲ. ಅವಳಿಗೆ ತಿಳಿದಿತ್ತು.

ಸತ್ತ ತಂಗಿಗೆ ಕೊಟ್ಟ ಮಾತು ಇವತ್ತು ಮುರಿದೆ. ಹೋದ ವಾರವೇ ಮುರಿಯಬೇಕಿತ್ತು. ನಾನು ಹೆತ್ತವಳಲ್ಲ, ಸರಿಯಾಗಿಯೇ ಬರೆದಿದ್ದೀಯ. ಆದರೆ ನಿನ್ನ ಮೈಯಲ್ಲಿ ಹರಿದ ಮೊದಲ ಹಾಲು ಯಾವಳದೋ ಎನ್ನುವುದು ಹೆತ್ತವಳಿಗೂ ನನಗೂ ಮಾತ್ರ ಗೊತ್ತಿತ್ತು, ಅವಳು ಈಗಿಲ್ಲ. ಎದ್ದು ಆ ಐದನೇ ನಂಬರಿನ ಹತ್ತಿರ ಹೋಗು. ಕಾಗದ ಮಡಚುವ ಮೊದಲು ಹೋಗು.

ದೊಡ್ಡಮ್ಮ

ಜೂನ್ ೨೯

ದೊಡ್ಡಮ್ಮ,

ಮಡಚದೆಯೇ ಹೋದೆ. ಐದನೇ ನಂಬರಿನವರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಬಿಸ್ಕತ್ತು ತಿನ್ನುತ್ತಿದ್ದರು. ‘ನನ್ನ ಮಗಳಿಗೆ ನಿಮ್ಮ ಹಾಲು ಕೊಡ್ತೀರಾ’ ಎಂದಷ್ಟೇ ಅಂದೆ.

‘ನಾನು ಅವತ್ತೇ ಹೂಂ ಅಂದಿದ್ನಲ್ರೀ. ನಿಮಗೇ ನನ್ನ ಮೇಲೆ ಏನೋ ಕೋಪ. ಬಾಟ್ಲಿ ತಗೊಂಡು ಹೋಗೋವಾಗೆಲ್ಲ ಗೋಡೆ ಕಡೆ ತಿರುಗಿ ಮಲಗ್ತಿದ್ರಿ.’

‘ಕೋಪ ಅಲ್ಲ, ಹೊಟ್ಟೆಕಿಚ್ಚು’ ಅಂದೆ.

ಅವರು ಬಿಸ್ಕತ್ತು ಮುರಿದು ನನಗರ್ಧ ಕೊಟ್ಟರು. ‘ನಂಗೂ ಇತ್ತು. ನಿಮ್ಮ ಯಜಮಾನ್ರು ದಿನಾ ಬಂದು ತಲೆ ಸವರಿ ಹೋಗ್ತಾರೆ. ನಮ್ಮೋರು ಕೆಲಸ ಕೆಲಸ ಅಂತ ಈ ಕಡೆ ತಲೇನೇ ಹಾಕಿಲ್ಲ. ನೀವು ಮಲಗಿದ ಮೇಲೆ ನಿಮ್ಮ ಮಂಚ ನೋಡಿ ಅತ್ತಿದ್ದೀನಿ’ ಅಂದರು.

ರಕ್ತ ಪರೀಕ್ಷೆ ಮುಗಿಸಿ ನಿನ್ನೆಯಿಂದ ಶುರು ಮಾಡಿದ್ದಾರೆ. ಮೂಗಿನ ಕೊಳವೆಯಲ್ಲಿ ಹನಿಹನಿಯಾಗಿ. ಹೊಟ್ಟೆ ಉಬ್ಬಲಿಲ್ಲ. ಇವತ್ತು ಬೆಳಿಗ್ಗೆ ಸಿಸ್ಟರ್ ತೂಕ ಹೇಳುವಾಗ ನನ್ನ ಮುಖ ನೋಡಿ ಹೇಳಿದರು. ನಾನು ತಾಯಂದಿರ ಕೋಣೆಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಹಿಂದಿನ ಕಾಗದದಲ್ಲಿ ನಿಮಗೆ ಬರೆದದ್ದು ನೆನಪಾದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ಅಮ್ಮನ ಮೇಲೆ ಸಿಟ್ಟು ಬರಲಿಲ್ಲ. ಪಾಪ ಅನ್ನಿಸಿತು. ಯಾರಾದರೂ ಅವಳಿಗೊಂದು ಅರ್ಧ ಬಿಸ್ಕತ್ತು ಕೊಡಬೇಕಿತ್ತು.

ಒಂದು ಕೇಳಬೇಕು. ಆ ಕಿಟಕಿಯವರ ಹೆಸರೇ ಅನಸೂಯ, ಅಲ್ಲವೇ? ಅದನ್ನೇ ನನಗೆ ಇಟ್ಟಿರಿ ಎಂದುಕೊಂಡಿದ್ದೇನೆ. ಈಗ ಎಲ್ಲಿದ್ದಾರೆ? ಮಗು ಮನೆಗೆ ಬಂದಮೇಲೆ ಹೋಗಿ ಅವರ ಕಾಲಿಗೆ ಬೀಳುತ್ತೇನೆ.

ಅನು

ಜುಲೈ ೩

ಅನೂ,

ತೂಕ ಏರಿತೆಂದು ಓದಿ ನನ್ನ ಜೊತೆಯವಳನ್ನು ಎಬ್ಬಿಸಿ ಹೇಳಿದೆ. ಅವಳಿಗೂ ಕಣ್ಣು ಒದ್ದೆಯಾಯಿತು, ಧೂಳು ಅಂದಳು.

ಅವಳ ಹೆಸರು ಅನಸೂಯ ಅಲ್ಲ. ಏನೆಂದು ನನಗೆ ಗೊತ್ತಿಲ್ಲ. ತೊಟ್ಟಿಲಿಗೆ ಕಟ್ಟಿದ ಚೀಟಿಯಲ್ಲಿ ಗಂಡನ ಹೆಸರಿತ್ತು, ಅದರ ಮುಂದೆ ‘ಹೆಂಡತಿ’ ಎಂದಿತ್ತು. ಈಗ ಆ ಗಂಡನ ಹೆಸರೂ ನೆನಪಿಲ್ಲ. ನಾವು ಕಿಟಕಿಯವಳೇ ಎಂದು ಕರೆದರೆ ಅವಳು ಓ ಅನ್ನುತ್ತಿದ್ದಳು. ಅಷ್ಟು ದಿನ ನನ್ನ ಸ್ಟೂಲಿನ ಮೇಲೆ ಕೂತು ನಿನಗೆ ಕುಡಿಸಿದಳು. ಕೈ ತೊಳೆದೆಯಾ ಎಂದು ಕೇಳಿದ್ದೇನೆ, ಊಟ ಆಯಿತೇ ಎಂದು ಕೇಳಿದ್ದೇನೆ, ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡಿದ್ದೇನೆ. ಹೆಸರು ಕೇಳಲಿಲ್ಲ. ಒಂದು ದಿನ ಬರಲಿಲ್ಲ. ನಾಳೆ ಬರುತ್ತಾಳೆ ಎಂದುಕೊಂಡೆ. ಆಮೇಲೆ ಬರಲೇ ಇಲ್ಲ.

ನಿನ್ನ ಹೆಸರು ಬರೆಸಬೇಕಾದಾಗ ಅವಳದೇ ಇಡೋಣವೆಂದು ಪೆನ್ನು ಹಿಡಿದೆ. ಆಗ ತಿಳಿಯಿತು, ನನ್ನ ಹತ್ತಿರ ಅದು ಇಲ್ಲವೆಂದು. ಅದಕ್ಕೇ ಪುರಾಣದಿಂದ ತಂದೆ. ಊರವರ ಮಕ್ಕಳಿಗೆ ಹಾಲು ಕೊಟ್ಟವಳು, ಹೊಟ್ಟೆಕಿಚ್ಚಿಲ್ಲದವಳು, ಹೇಗೂ ಹೊಂದುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ನಿನ್ನನ್ನು ಹೆಸರು ಹಿಡಿದು ಕರೆದಾಗಲೆಲ್ಲ ನನಗೆ ಒಳಗೆ ಏನೋ ಚುಚ್ಚುತ್ತಿತ್ತು. ಅದಕ್ಕೇ ನಾನು ನಿನ್ನನ್ನು ಅನು ಎಂದದ್ದು.

ನಿನ್ನ ಮಗಳಿಗೆ ಈ ಹೆಸರು ಬೇಡ. ಐದು ಐದು ಎನ್ನುತ್ತಿದ್ದೀಯಲ್ಲ, ಹೋಗಿ ಆಕೆಯ ಹೆಸರು ಕೇಳು. ಅದನ್ನೇ ಇಡು. ಎಷ್ಟೇ ಹಳೆಯದಿರಲಿ, ಎಂಥದೇ ಇರಲಿ.

ದೊಡ್ಡಮ್ಮ

ಜುಲೈ ೯

ದೊಡ್ಡಮ್ಮ,

ನಿಮ್ಮ ಕಾಗದ ಬರುವ ಹೊತ್ತಿಗೆ ಐದನೇ ಮಂಚಕ್ಕೆ ಹೊಸ ಹೊದಿಕೆ ಹಾಕಿ ಬೇರೆಯವರು ಮಲಗಿದ್ದರು. ಅವರ ಮಗುವನ್ನು ಮನೆಗೆ ಕಳಿಸಿಬಿಟ್ಟರಂತೆ. ನಾನು ಒಳಗೆ ಮೊದಲ ಸಲ ಮಗಳನ್ನು ಎದೆಗೆ ಅಪ್ಪಿಕೊಂಡು ಕೂತಿದ್ದೆ, ಅಷ್ಟರಲ್ಲಿ ಅವರ ಯಜಮಾನರು ಬಂದು ಅವಸರ ಮಾಡಿದರಂತೆ. ಫ್ರಿಜ್ಜು ತೆಗೆದು ನೋಡಿದರೆ ಅವರ ಬಾಟಲಿಗಳೆಲ್ಲ ಅಲ್ಲೇ ಇವೆ. ಐದು ಎಂದಿದ್ದ ಚೀಟಿಗಳನ್ನು ಉಗುರಲ್ಲಿ ಕಿತ್ತು ನಾಲ್ಕು ಎಂದು ಬರೆದು ಅಂಟಿಸಿದ್ದಾರೆ.

ಸಿಸ್ಟರನ್ನು ಕೇಳಿದೆ. ‘ಐದಾ? ಹೆಸರು ಆಫೀಸಲ್ಲಿ ಕೇಳಿ’ ಅಂದರು. ಆಫೀಸಿನಲ್ಲಿ ‘ಅವನ್ನೆಲ್ಲ ಹೇಳೋ ಹಾಗಿಲ್ಲಮ್ಮ’ ಅಂದರು. ಇವರು ಎರಡು ಸಲ ಹೋಗಿ ಬೇಡಿಕೊಂಡು ಬಂದರು.

ಅಷ್ಟು ದಿನ ಒಟ್ಟಿಗೆ ಮಲಗಿದ್ದೆವು ದೊಡ್ಡಮ್ಮ. ಅವರ ಹಲ್ಲುನೋವು ಗೊತ್ತು, ನಾದಿನಿಯ ಮದುವೆ ಗೊತ್ತು, ಸೊಂಟದ ಮೇಲೆ ಮಚ್ಚೆ ಇರುವುದೂ ಗೊತ್ತು. ಅವರು ನನ್ನನ್ನು ನಾಲ್ಕು ಅನ್ನುತ್ತಿದ್ದರು, ನಾನು ಅವರನ್ನು ಐದು ಅನ್ನುತ್ತಿದ್ದೆ, ಹಾಗೆ ಕರೆದುಕೊಂಡು ಇಬ್ಬರೂ ನಗುತ್ತಿದ್ದೆವು.

ಮುಂದಿನ ವಾರ ಮನೆಗೆ ಕಳಿಸುತ್ತಾರೆ. ಇವತ್ತು ಮಗುವಿನ ಹೆಸರು ಬರೆದುಕೊಡಿ ಎಂದರು. ಅನಸೂಯ ಎಂದು ಬರೆದುಕೊಟ್ಟೆ. ನನ್ನ ಹೆಸರೆಂದು ಇಟ್ಟದ್ದಲ್ಲ. ಅವರ ಹೆಸರು ನಾನೂ ಕೇಳಿರಲಿಲ್ಲ.

ಅನು